ಸ್ಪೀಕರಿಗೆ ಹಾಕಿದ ಮಾತು

ಮಾರ್ಚ್ 4

ರೀ,

ಕಾಗದ ಬಂತೆಂದು ಗಾಬರಿಯಾಗಬೇಡಿ, ಇಲ್ಲಿ ಯಾರಿಗೂ ಏನೂ ಆಗಿಲ್ಲ. ನಿಮ್ಮ ಫೋನು ಒಂದು ವಾರದಿಂದ ಸ್ವಿಚ್ ಆಫ್. ನಾನು ಕಳಿಸಿದ ಮೆಸೇಜುಗಳೆಲ್ಲ ಒಂದೊಂದೇ ಟಿಕ್ ಹೊತ್ತುಕೊಂಡು ಸಾಲಾಗಿ ನಿಂತಿವೆ. ಅವನ್ನು ನೋಡಿಕೊಂಡು ಇನ್ನೆಷ್ಟು ದಿನ ಕೂರಲಿ? ಮದುವೆಯಾದ ಹೊಸದರಲ್ಲಿ ನೀವು ಬಂದರಿನಿಂದ ನನಗೆ ಚಪ್ಪಲಿ ಕಳಿಸಿದ್ದಿರಲ್ಲ, ಆ ಪಾರ್ಸಲ್ಲಿನ ರಟ್ಟು ಎಸೆದಿರಲಿಲ್ಲ. ಅದರ ಮೇಲಿನ ವಿಳಾಸ ನೋಡಿ ಬರೆಯುತ್ತಿದ್ದೇನೆ. ನಾನು ಕಡೆಯ ಸಲ ಕಾಗದ ಬರೆದದ್ದು ಸ್ಕೂಲಿನಲ್ಲಿ, ಹೊಟ್ಟೆನೋವು ಅಂತ ಸುಳ್ಳು ಹೇಳಿ ರಜೆ ಕೇಳಲು. ಇದೂ ಅದೇ ಧಾಟಿಯಲ್ಲಿ ಬಂದರೆ ನಗಬೇಡಿ. ನಕ್ಕರೂ ಸರಿಯೇ, ನಕ್ಕಿರಿ ಅಂತ ಒಂದು ಸಾಲು ಬರೆಯಿರಿ.

ಎಂದೂ ಫೋನು ಮಾಡದವರು ಹೋದ ವಾರ ಮಾಡಿದಿರಿ. ಒಂದೇ ಮಾತು ಕೇಳಿದಿರಿ. "ಅದನ್ನ ಎಷ್ಟು ಜನಕ್ಕೆ ಕೇಳಿಸ್ದೆ?" ನಾನು ಬಾಯಿ ತೆರೆಯುವಷ್ಟರಲ್ಲಿ ಕಟ್ ಆಯಿತು. ಉತ್ತರ ಈಗ ಹೇಳುತ್ತೇನೆ. ನನ್ನನ್ನು ಬಿಟ್ಟು ಐದು ಜನ.

ನೀವು ನಮ್ಮ ಆಸ್ಪತ್ರೆಯ ಲಾಂಡ್ರಿಯ ಬಾಗಿಲ ತನಕ ಬಂದಿದ್ದೀರಿ, ಒಳಗೆ ಬಂದಿಲ್ಲ. ವಾರ್ಡುಗಳಿಂದ ಬಂದ ಬಟ್ಟೆಯ ಗಂಟುಗಳನ್ನು ಉದ್ದನೆಯ ಮೇಜಿನ ಮೇಲೆ ಸುರಿದು ನಾವು ಹೆಂಗಸರು ಬೇರೆ ಮಾಡುತ್ತೇವೆ. ರಕ್ತದ್ದು ಒಂದು ಕಡೆ, ಬರೀ ಬೆವರಿನದು ಒಂದು ಕಡೆ. ಕೈಗೆ ಮೊಣಕೈವರೆಗೂ ರಬ್ಬರ್ ಗ್ಲೌಸು. ಗ್ಲೌಸು ಮುಟ್ಟಿದರೆ ಫೋನು ಮಾತು ಕೇಳುವುದಿಲ್ಲ. ಅದಕ್ಕೇ ನಿಮ್ಮ ದನಿಯ ಮೆಸೇಜು ಬಂದರೆ ನಾನು ಬಗ್ಗಿ ಮೂಗಿನಿಂದ ಒತ್ತುವುದು. ನನ್ನ ಎದುರಿಗೆ ನಿಲ್ಲುವ ದೊಡ್ಡಕ್ಕ ಇದನ್ನು ನೋಡಿ ದಿನಾ ನಗುತ್ತಾಳೆ. ಹಾಡು ಕೇಳಲು ನಾವೆಲ್ಲ ಸೇರಿ ಕೊಂಡ ಪುಟ್ಟ ಸ್ಪೀಕರ್ ಕಪಾಟಿನ ಮೇಲಿದೆ. ಆ ಮೆಸೇಜು ಬಂದ ದಿನ ನನ್ನ ಫೋನು ಅದಕ್ಕೆ ಕನೆಕ್ಟ್ ಆಗಿತ್ತು. ಮೂಗಿನಿಂದ ಒತ್ತಿದೆ, ನಿಮ್ಮ ದನಿ ಸ್ಪೀಕರಿನಲ್ಲಿ ಬಂತು. ಆದದ್ದು ಇಷ್ಟೇ ರೀ. ಬೇಕೆಂದು ಮಾಡಿದ್ದಲ್ಲ.

ಫೋನು ಆನ್ ಮಾಡಿ. ಬೈಯುವುದಿದ್ದರೆ ಬೈದುಬಿಡಿ, ಈ ಮೌನ ಮಾತ್ರ ಬೇಡ.

ನಿಮ್ಮ
ಬಾಯಿಬಡುಕಿ


ಮಾರ್ಚ್ 15

ರೀ,

ಉತ್ತರವಿಲ್ಲ. ಆಗಲಿ. ಅಂಚೆಯವನನ್ನು ಕಂಡರೆ ಬಾಗಿಲಿಗೆ ಓಡುವ ವಯಸ್ಸು ನನ್ನದಲ್ಲ, ಆದರೂ ಓಡುತ್ತಿದ್ದೇನೆ. ಅವನು ಪಕ್ಕದ ಮನೆಯವರ ಕರೆಂಟ್ ಬಿಲ್ಲು ತೋರಿಸಿ ಹೋಗುತ್ತಾನೆ.

ವಿಷಯ ನಿಮ್ಮ ತನಕ ಹೇಗೆ ಬಂತು ಅಂತ ಪತ್ತೆ ಮಾಡಿದೆ. ನಮ್ಮ ಲಾಂಡ್ರಿಯಲ್ಲಿ ಇಸ್ತ್ರಿ ಮೆಷಿನ್ನಿಗೆ ನಿಲ್ಲುತ್ತಾಳಲ್ಲ, ಅವಳ ಮೈದುನ ನಿಮ್ಮ ಬಂದರಿನ ಉಗ್ರಾಣದಲ್ಲೇ ಕೆಲಸಕ್ಕಿದ್ದಾನಂತೆ. ನನಗೆ ದೇವರಾಣೆಗೂ ಗೊತ್ತಿರಲಿಲ್ಲ. ಯಾಕೆ ಹೇಳಿದೆ ಅಂತ ಅವಳನ್ನು ಹಿಡಿದು ನಿಲ್ಲಿಸಿ ಕೇಳಿದೆ. "ಅಯ್ಯೋ, ಒಳ್ಳೆ ಮನಸ್ಸಿಂದ ಹೇಳ್ದೆ ಕಣೇ. ಪಾಪದ ಮನುಷ್ಯ, ಸ್ವಲ್ಪ ನೋಡ್ಕೋ ಅಂದೆ" ಅಂದಳು. ಒಳ್ಳೆ ಮನಸ್ಸಂತೆ! ನಾನು ಬಾಯಿಗೆ ಬಂದ ಹಾಗೆ ಅಂದೆ. ಯಂತ್ರಗಳ ಸದ್ದಿನ ಮೇಲೂ ನನ್ನ ದನಿ ಕಾರಿಡಾರಿನ ತನಕ ಹೋಯಿತಂತೆ. ಆಗ ದೊಡ್ಡಕ್ಕ ಕೈಯಲ್ಲಿದ್ದ ಬೆಡ್‌ಶೀಟು ಕೆಳಗಿಟ್ಟು, ಅವಳ ಮೇಲೆ ಯಾಕೆ ಹರಿಹಾಯುತ್ತೀಯ, ಸ್ಪೀಕರಿಗೆ ಹಾಕಿದವಳು ಯಾರು ಅಂತ ಕೇಳಿದಳು.

ನನಗೆ ಮೈಯೆಲ್ಲ ಉರಿದುಹೋಯಿತು. ಅವತ್ತಿಂದ ಅವಳ ಎದುರು ನಿಂತು ಕೆಲಸ ಮಾಡುತ್ತಿಲ್ಲ, ಮೇಜಿನ ಆ ತುದಿಗೆ ಹೋಗಿದ್ದೇನೆ.

ಅತ್ತೆ ನಿಮ್ಮ ಅಕ್ಕನ ಮನೆಯಿಂದ ಎರಡು ದಿನಕ್ಕೊಮ್ಮೆ ಬಂದು ನೀವು ಹೇಗಿದ್ದೀರಿ ಅಂತ ಕೇಳುತ್ತಾರೆ. ಅಲ್ಲಿ ನೆಟ್‌ವರ್ಕ್ ಸರಿಯಿಲ್ಲ ಅಂತ ಹೇಳುತ್ತಿದ್ದೇನೆ. ನಿಮಗೆ ಅಲ್ಲಿ ಏನಾದರೂ ತೊಂದರೆಯಾಯಿತಾ?

ನಿಮ್ಮ
ಬಾಯಿಬಡುಕಿ


ಮಾರ್ಚ್ 22

ನಿನ್ನ ಎರಡೂ ಕಾಗದ ಸಿಕ್ಕಿವೆ.

ಫೋನು ಹಾಳಾಗಿಲ್ಲ. ಪೆಟ್ಟಿಗೆಯಲ್ಲಿ ಬಟ್ಟೆಗಳ ಕೆಳಗೆ ಇಟ್ಟಿದ್ದೇನೆ.

ತೊಂದರೆಯಾಯಿತಾ ಎಂದು ಕೇಳಿದ್ದೀಯ. ಗಾಳಿಗೆ ನನ್ನ ಕ್ರೇನಿನ ಕಂಟೇನರ್ ಓಲಾಡಿದಾಗ ಕೆಳಗೆ ನಿಂತು ಸನ್ನೆ ಕೊಡುವವನು ಪಕ್ಕಕ್ಕೆ ಹಾರಿಕೊಂಡ. ಇಲ್ಲದಿದ್ದರೆ ಸಾಯುತ್ತಿದ್ದ. ಅವನು ಬಟ್ಟೆ ಕೊಡವಿಕೊಂಡು ನಕ್ಕ. ಮೇಲೆ ಕ್ಯಾಬಿನ್ನಿನಲ್ಲಿ ಕೂತಲ್ಲೇ ನನ್ನ ಪ್ಯಾಂಟು ಒದ್ದೆಯಾಗಿತ್ತು. ಅದು ಒಣಗುವ ತನಕ ಇಳಿಯಲಿಲ್ಲ. ಇದೆಲ್ಲ ನಿನಗೆ ಗೊತ್ತಿದೆ. ನಿನಗೊಬ್ಬಳಿಗೇ ಹೇಳಿದ್ದೆ.

ಮುಂದಿನ ವಾರ ಕ್ರೇನಿನ ಏಣಿಗೆ ಯಾರೋ ಮಗುವಿನ ಚಡ್ಡಿ ತೂಗುಹಾಕಿದ್ದರು. ಹಳದಿ ಬಣ್ಣದ್ದು. ಅದನ್ನು ದಾಟದೆ ಮೇಲೆ ಹತ್ತುವಂತಿರಲಿಲ್ಲ. ತೆಗೆದು ಜೇಬಿನಲ್ಲಿಟ್ಟುಕೊಂಡು ಹತ್ತಿದೆ. ಕೆಳಗೆ ಎಲ್ಲರೂ ನಿಂತು ನೋಡುತ್ತಿದ್ದರು. ಮರುದಿನವೂ ಇತ್ತು. ಮೂರನೆಯ ದಿನ ಸುರಕ್ಷತೆಯ ಅಧಿಕಾರಿ ಕರೆಸಿ, ನಿಜವೇನಯ್ಯಾ ಎಂದು ಕೇಳಿದರು. ನಿಜ ಎಂದೆ. ಈಗ ಗೇಟಿನಲ್ಲಿ ಕೂತು ಲಾರಿಗಳ ನಂಬರು ಬರೆದುಕೊಳ್ಳುತ್ತೇನೆ. ಅವರು ಮಾಡಿದ್ದು ತಪ್ಪಲ್ಲ. ಹೆದರಿದವನನ್ನು ಮೇಲೆ ಕೂರಿಸಬಾರದು. ಆದರೆ ಅದನ್ನು ಅವರಿಗೆ ನಾನು ಹೋಗಿ ಹೇಳಬೇಕಿತ್ತು. ನಾಲ್ಕು ದಿನ ತಡವಾಗಿಯಾದರೂ ನಾನೇ ಹೇಳುತ್ತಿದ್ದೆ.

ಒಂದು ಪ್ರಶ್ನೆಯಿದೆ. ಸ್ಪೀಕರಿಗೆ ಹಾಕುವ ಮುಂಚೆ ನೀನು ಅದನ್ನು ಕೇಳಿದ್ದೆಯಾ?

ನಿನ್ನ ಗಂಡ


ಮಾರ್ಚ್ 29

ರೀ,

ಇಲ್ಲ. ಕೇಳಿರಲಿಲ್ಲ. ನನ್ನಾಣೆಗೂ ಕೇಳಿರಲಿಲ್ಲ. ದಿನದ ಹಾಗೆ ಏನೋ ಹಡಗು, ಹಕ್ಕಿ ಅಂತ ಇರುತ್ತದೆ ಅಂದುಕೊಂಡು ಒತ್ತಿದೆ.

ಆ ಚಡ್ಡಿ ತೂಗುಹಾಕಿದವನ ಕೈ ಸೇದಿಹೋಗ. ಅವನಿಗೂ ಹೆಂಡತಿ ಮಕ್ಕಳಿಲ್ಲವಾ? ನಿಮ್ಮ ಕಾಗದ ಓದಿ ಅವತ್ತು ಒಲೆ ಹಚ್ಚಲಿಲ್ಲ. ನೀವು ಊಟ ಬಿಡಬೇಡಿ. ಗೇಟಿನ ಹತ್ತಿರ ಧೂಳು ಜಾಸ್ತಿ, ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ. ನಮ್ಮ ಮನೆಯ ನಲ್ಲಿ ಮತ್ತೆ ಸೋರುತ್ತಿದೆ, ಮನೆಯೊಡೆಯರು ನಾಳೆ ನಾಳೆ ಅನ್ನುತ್ತಾರೆ. ಅತ್ತೆಯ ಕಾಲುನೋವು ಕಡಿಮೆಯಾಗಿದೆ. ಫೋನು ಹೊರಗೆ ತೆಗೆಯಿರಿ ರೀ. ಕಾಗದದಲ್ಲಿ ನಿಮ್ಮ ದನಿಯಿಲ್ಲ.

ನಿಮ್ಮ
ಬಾಯಿಬಡುಕಿ


ಏಪ್ರಿಲ್ 6

ಫೋನು ಹೊರಗೆ ತೆಗೆದು ನೋಡಿಯೇ ನಾನು ಆ ಪ್ರಶ್ನೆ ಬರೆದದ್ದು.

ಕಳಿಸಿದ ಮೆಸೇಜನ್ನು ಒತ್ತಿ ಹಿಡಿದರೆ, ಅದನ್ನು ಯಾವಾಗ ಕೇಳಿದರು ಎಂದು ತೋರಿಸುತ್ತದೆ. ಬೆಳಿಗ್ಗೆ ಏಳೂವರೆ ಎಂದಿದೆ. ಆ ಹೊತ್ತಿಗೆ ನೀನು ಬಸ್‌ಸ್ಟಾಪಿನಲ್ಲಿರುತ್ತೀಯ. ಅದಾದ ಮೇಲೆ ನೀನು ನನಗೆ ಒಂದು ಕೆಂಪು ಹೃದಯದ ಚಿತ್ರ ಕಳಿಸಿದೆ. ಕೆಳಗೆ "ಧೈರ್ಯವಾಗಿರಿ" ಎಂದು ಬರೆದೆ.

ಗೊತ್ತಿದ್ದೂ ಕೇಳಿದ್ದು ನನ್ನ ಸಣ್ಣತನ. ನಿನ್ನ ಬಾಯಿಂದಲೇ ಬರಲಿ ಎಂದು ಕಾದೆ. ಕಟ್ಟಿಕೊಂಡ ಹೆಂಡತಿಗೆ ಬಲೆ ಹಾಕಿ ಕೂತೆನಲ್ಲ ಎಂದು ನನಗೇ ಅಸಹ್ಯವಾಗಿದೆ. ಆದರೆ ನೀನು ಆಣೆ ಹಾಕುವ ಅಗತ್ಯವಿರಲಿಲ್ಲ.

ನಿನ್ನ ಗಂಡ


ಏಪ್ರಿಲ್ 14

ರೀ,

ಬರೆಯುವುದು, ಹರಿಯುವುದು, ಇದೇ ಆಗಿದೆ ಈ ವಾರವಿಡೀ. ಈ ಸಲ ಹರಿಯುವುದಿಲ್ಲ. ನೀವು ಓದಿ ಹರಿಯಿರಿ.

ಕೇಳಿದ್ದೆ. ಹಿಂದಿನ ಸಂಜೆ ಚಾರ್ಜಿಲ್ಲದೆ ನನ್ನ ಫೋನು ಸತ್ತುಹೋಗಿತ್ತು, ಬೆಳಿಗ್ಗೆ ಬಸ್‌ಸ್ಟಾಪಿನಲ್ಲಿ ಕೇಳಿದೆ. ಕಿವಿಗೆ ಒತ್ತಿಕೊಂಡು ಕೇಳಿದೆ. ಅತ್ತುಬಿಟ್ಟೆ. ಬಂದ ಬಸ್ಸು ಬಿಟ್ಟು ಅಲ್ಲೇ ಬೆಂಚಿನ ಮೇಲೆ ಕೂತೆ. ಅವತ್ತು ಅಲ್ಲಿಯ ತನಕ ನನ್ನ ನಡತೆ ನೆಟ್ಟಗೇ ಇತ್ತು.

ಇನ್ನು ಅದರ ಹಿಂದಿನ ಕಥೆ. ನೀವು ಬಂದರಿಗೆ ಹೊರಡುವ ಮುಂಚೆ ನನ್ನನ್ನು ಕರೆದುಕೊಂಡು ಹೋಗಲು ಲಾಂಡ್ರಿಯ ಬಾಗಿಲಿಗೆ ಬಂದಿದ್ದಿರಿ. ದೊಡ್ಡಕ್ಕ ಪ್ರೀತಿಯಿಂದ ಮಾತಾಡಿಸಿದಳು. ನೀವು ಹ್ಞೂಂ ಅಂದಿರಿ, ಬೂಟಿನ ತುದಿ ನೋಡುತ್ತ ನಿಂತಿರಿ. ಮರುದಿನ ಇಸ್ತ್ರಿಯವಳು, "ಗಂಡನ್ನ ತಂದ್ಕೊಂಡ್ಯೋ, ಗೂಟ ತಂದ್ಕೊಂಡ್ಯೋ?" ಅಂದಳು. ಎಲ್ಲರೂ ನಕ್ಕರು. ರೀ, ನಾನೂ ನಕ್ಕೆ. ಇದನ್ನು ಯಾರಿಗೂ ಹೇಳಿರಲಿಲ್ಲ.

ಆಮೇಲೆ ನೀವು ಹೊರಟುಹೋದಿರಿ, ಮೆಸೇಜು ಬರತೊಡಗಿದವು. ನನ್ನ ಎದುರು ಒಂದು ಪೂರ್ತಿ ವಾಕ್ಯ ಆಡದ ಗಂಡಸು ಫೋನಿನಲ್ಲಿ ಅರಳು ಹುರಿದ ಹಾಗೆ ಮಾತಾಡುತ್ತಿದ್ದರು! ಒಂದು ದಿನ ಅದು ಸ್ಪೀಕರಿಗೆ ಹೋಯಿತು. ಅದೊಂದು ನಿಜವಾಗಿ ಆಕಸ್ಮಿಕ. ಮೇಲಿಂದ ನೋಡಿದರೆ ಬರುವ ಹಡಗೂ ಹೋಗುವ ಹಡಗೂ ಒಂದೇ ಥರ ಕಾಣುತ್ತವೆ, ನೀನಿದ್ದಿದ್ದರೆ ಯಾವುದು ಬರ್ತಿದೆ ಅಂತ ನನ್ನ ಜೊತೆ ಜಗಳಕ್ಕೆ ಬೀಳ್ತಿದ್ದೆ, ಜಗಳ ಮಾಡೋಕಾದ್ರೂ ಒಂದ್ಸಲ ಬಾ ಅಂದಿದ್ದಿರಿ. ಇಸ್ತ್ರಿಯವಳು ಮೆಷಿನ್ ನಿಲ್ಲಿಸಿದ್ದಳು. ಅವಳ ಮುಖ ನೋಡಿ ನನಗೆ ಎಷ್ಟು ಖುಷಿಯಾಯಿತು ಗೊತ್ತಾ? ಇದು ಗೂಟವಾ ಅಂತ ಕೇಳಬೇಕು ಅನಿಸಿತು.

ಅಲ್ಲಿಂದ ಅದು ದಿನದ ಪದ್ಧತಿಯಾಯಿತು. ಮಧ್ಯಾಹ್ನದ ಹೊತ್ತಿಗೆ "ಇವತ್ತಿನ ವಾರ್ತೆ ಹಾಕೇ" ಅನ್ನುತ್ತಿದ್ದರು. ನಾನು ಮೊದಲೇ ಕೇಳಿ, ಚೆನ್ನಾಗಿರುವುದನ್ನು ಆರಿಸಿಟ್ಟುಕೊಂಡು ಹಾಕುತ್ತಿದ್ದೆ. ಬೇರೆಯವರ ಹತ್ತಿರ ನಮ್ಮವರಿಗೆ ಮಾತು ಉಗ್ಗುತ್ತದೆ, ನನ್ನ ಹತ್ತಿರ ಮಾತ್ರ ಸಲೀಸು ಅಂತ ಜಂಬ ಕೊಚ್ಚಿಕೊಳ್ಳುತ್ತಿದ್ದೆ.

ಆ ದಿನವೂ ವಾರ್ತೆ ಹಾಕು ಅಂದರು. ಇವತ್ತು ಏನೂ ಬಂದಿಲ್ಲ ಅಂದುಬಿಟ್ಟಿದ್ದರೆ ಮುಗಿಯುತ್ತಿತ್ತು. ಆದರೆ ಆ ಮೆಸೇಜಿನ ಕೊನೆಯಲ್ಲಿ ನೀವು ಒಂದು ಮಾತು ಹೇಳಿದ್ದಿರಿ. "ಇದು ನಿನಗೊಬ್ಬಳಿಗೇ. ನೀನಿಲ್ಲದಿದ್ರೆ ಈ ಹೊತ್ತು ನನಗೆ ಯಾರೂ ಇಲ್ಲ." ಮದುವೆಯಾದಂದಿನಿಂದ ನನಗೆ ಯಾರೂ ಅಂಥ ಮಾತು ಹೇಳಿರಲಿಲ್ಲ. ಅದನ್ನು ಅವರಿಗೆ ಕೇಳಿಸಬೇಕಿತ್ತು. ನನಗೊಬ್ಬಳಿಗೇ ಅಂತ ನೀವು ಹೇಳಿದ್ದನ್ನು ಐದು ಜನಕ್ಕೆ ಕೇಳಿಸಲಿಕ್ಕೇ ಅಂತ ಹಾಕಿದೆ. ಇದನ್ನು ಬರೆಯುತ್ತಿದ್ದರೆ ನಾಚಿಕೆಯಿಂದ ನೆಲ ಬಾಯಿ ಬಿಡಬಾರದಾ ಅನಿಸುತ್ತಿದೆ.

ಪ್ಯಾಂಟಿನ ವಿಷಯ ಬಂದಾಗ ನಿಲ್ಲಿಸಬಹುದಿತ್ತು. ಬಗ್ಗಿದ್ದರೆ ಸಾಕಿತ್ತು. ಬಗ್ಗಲಿಲ್ಲ. ಯಾರೂ ನಗಲಿಲ್ಲ ರೀ, ಇದನ್ನು ನಂಬಿ. ದೊಡ್ಡಕ್ಕ ಭುಜಕ್ಕೆ ಕಣ್ಣು ಒರೆಸಿಕೊಳ್ಳುತ್ತಿದ್ದಳು. ನೀವು ಆ ಮೆಸೇಜಿನಲ್ಲಿ ನಡುಗುತ್ತಿದ್ದಿರಿ, ನಾನು ಇಲ್ಲಿ ಯಾರು ಯಾರು ಅಳುತ್ತಿದ್ದಾರೆ ಅಂತ ಸುತ್ತ ನೋಡುತ್ತಿದ್ದೆ. ದೊಡ್ಡಕ್ಕ ಸರಿಯಾಗಿಯೇ ಕೇಳಿದಳು. ಈಗ ಮತ್ತೆ ಅವಳ ಎದುರಿಗೇ ನಿಲ್ಲುತ್ತಿದ್ದೇನೆ, ತಲೆ ಎತ್ತಲಾಗುವುದಿಲ್ಲ.

ಕ್ಷಮಿಸಿ ಅಂತ ಬರೆಯಲು ಕೈ ಬರುತ್ತಿಲ್ಲ. ಆ ಪದವನ್ನು ದಿನಾ ಮೆಸೇಜಿನಲ್ಲಿ ಕಳಿಸಿ ಕಳಿಸಿ ಸವೆಸಿಬಿಟ್ಟಿದ್ದೇನೆ.

ಬಾಯಿಬಡುಕಿ


ಮೇ 3

ನಿನ್ನ ಕಾಗದ ಹರಿಯಲಿಲ್ಲ.

ಉತ್ತರಕ್ಕೆ ಇಷ್ಟು ದಿನ ಹಿಡಿದದ್ದು ಸಿಟ್ಟಿನಿಂದ ಮಾತ್ರವಲ್ಲ. ನಿನ್ನ ಹತ್ತಿರ ನನಗೆ ಮಾತು ಸಲೀಸು ಎಂದು ಬರೆದಿದ್ದೀಯ. ಆ ಸಾಲಿನ ಮುಂದೆ ಕೂತುಬಿಟ್ಟೆ. ಅದು ನಿಜವಲ್ಲ.

ಸಲೀಸಾಗಿ ಬಂದದ್ದು ಒಂದೂ ಇಲ್ಲ. ಮೇಲೆ ಕ್ಯಾಬಿನ್ನಿನಲ್ಲಿ ಕೂತು ಹೇಳುತ್ತಿದ್ದೆ, ಉಗ್ಗಿದರೆ ಅಳಿಸುತ್ತಿದ್ದೆ. ಮತ್ತೆ ಹೇಳುತ್ತಿದ್ದೆ, ಮತ್ತೆ ಅಳಿಸುತ್ತಿದ್ದೆ. ಆ ಹಡಗಿನ ಮಾತಿಗೆ ಊಟದ ಬಿಡುವು ಪೂರ್ತಿ ಹೋಗಿತ್ತು. "ಜಗಳ" ಎನ್ನುವ ಪದ ಬಾಯಿಂದ ಹೊರಡುತ್ತಿರಲಿಲ್ಲ. ಡಬ್ಬಿ ಬಿಚ್ಚದೆ ವಾಪಸು ಕೆಲಸಕ್ಕೆ ಕೂತೆ. ಸಿಗ್ನಲ್ ಸಿಗುವುದಿಲ್ಲ, ಅದಕ್ಕೆ ಫೋನು ಮಾಡುವುದಿಲ್ಲ ಎಂದು ನಿನಗೆ ಹೇಳುತ್ತಿದ್ದೆ. ಸಿಗ್ನಲ್ ಚೆನ್ನಾಗಿಯೇ ಇತ್ತು. ಫೋನಿನಲ್ಲಿ ಆಡಿದ್ದನ್ನು ಅಳಿಸಲು ಬರುವುದಿಲ್ಲ.

ನೀನು ಮೆಚ್ಚಿದ್ದು, ನಿನ್ನ ಗೆಳತಿಯರು ಮೆಷಿನ್ ನಿಲ್ಲಿಸಿ ಕೇಳಿದ್ದು, ಆ ಅಳಿಸಿ ಅಳಿಸಿ ಉಳಿದ ಗಂಡಸನ್ನು. ನಾನು ಅವನಲ್ಲ. ನೀನು ಬಾಗಿಲಲ್ಲಿ ನೋಡಿದ ಗೂಟವೇ ನಾನು. ನಿನಗೆ ಇಷ್ಟು ದಿನ ಮೋಸ ಮಾಡಿದ್ದೇನೆ ಎನ್ನುವುದು ನನಗೆ ಗೊತ್ತಿತ್ತು, ಆದರೂ ನಿಲ್ಲಿಸಲಿಲ್ಲ. ನಿನ್ನ ಉತ್ತರಗಳಲ್ಲಿ ಅಷ್ಟು ಸಂತೋಷವಿರುತ್ತಿತ್ತು.

ಗಾಳಿಯ ದಿನದ್ದು ಮಾತ್ರ ಅಳಿಸಲಿಲ್ಲ. ಉಗ್ಗು, ಅಳು ಎಲ್ಲ ಇದ್ದ ಹಾಗೇ ಒಂದೇ ಸಲಕ್ಕೆ ಕಳಿಸಿದೆ. ನಿನಗೆ ನಾನು ಕಳಿಸಿದ ನಿಜವಾದ ಮೆಸೇಜು ಅದೊಂದೇ. ನೀನು ಅದನ್ನು ಎಲ್ಲರಿಗೂ ಹಾಕಿದೆ ಎಂದು ತಿಳಿದಾಗ ನನಗೆ ಏನಾಯಿತು ಎಂದು ಈಗ ನಿನಗೆ ಅರ್ಥವಾಗಬಹುದು.

ಇನ್ನು ಕೆಲವು ತಿಂಗಳು ಎತ್ತರಕ್ಕೆ ಹತ್ತಬಾರದು ಎಂದು ಡಾಕ್ಟರು ಹೇಳಿದ್ದಾರೆ. ಗೇಟಿನ ಕೆಲಸ ಸಾಕಾಗಿದೆ. ಈ ತಿಂಗಳ ನಡುವೆ ಮನೆಗೆ ಬರುತ್ತೇನೆ. ಕ್ಷಮಿಸಿದ್ದೇನೆ ಎಂದು ತಿಳಿಯಬೇಡ. ಬೇರೆಲ್ಲಿಗೂ ಹೋಗಲು ಮನಸ್ಸಿಲ್ಲ, ಅಷ್ಟೆ.

ನಿನ್ನ ಗಂಡ


ಮೇ 26, ಅಡುಗೆಮನೆಯಿಂದ

ರೀ,

ಈ ಕಾಗದಕ್ಕೆ ಸ್ಟಾಂಪು ಬೇಕಿಲ್ಲ. ನೀವು ನಲ್ಲಿಗೆ ಹೊಸ ವಾಷರ್ ತರಲು ಅಂಗಡಿಗೆ ಹೋಗಿದ್ದೀರಿ. ನಿಮ್ಮ ಕಾಫಿ ಲೋಟದ ಕೆಳಗೆ ಇಟ್ಟು ಕೆಲಸಕ್ಕೆ ಹೋಗುತ್ತೇನೆ.

ನೀವು ಬಂದು ಹತ್ತು ಹನ್ನೆರಡು ದಿನವಾಯಿತು. ನಮ್ಮಿಬ್ಬರ ಮಾತು ಲೆಕ್ಕ ಹಾಕಿದರೆ ಒಂದು ಪೋಸ್ಟ್‌ಕಾರ್ಡಿನಲ್ಲಿ ಹಿಡಿಸುತ್ತದೆ. ಊಟ ಆಯ್ತಾ, ಹ್ಞೂಂ. ಫ್ಯಾನ್ ಹಾಕ್ಲಾ, ಹ್ಞೂಂ. ಲಾಡ್ಜಿನಲ್ಲಿ ಅಕ್ಕಪಕ್ಕದ ಕೋಣೆಯವರು ಕಾರಿಡಾರಿನಲ್ಲಿ ಸರಿದು ದಾರಿ ಬಿಡುವ ಹಾಗೆ ನಾವು ದಾರಿ ಬಿಡುತ್ತಿದ್ದೇವೆ. ನಾನು ಏನಾದರೂ ಹೇಳಹೊರಟರೆ ನೀವು ಹಿಂಜರಿದು ಮುಖ ತಿರುಗಿಸುತ್ತೀರಿ. ನನಗೂ ಬಾಯಿ ಕಟ್ಟಿದೆ. ನನ್ನಂಥವಳಿಗೆ!

ನಿನ್ನೆಯದನ್ನು ಹೇಳಲೇಬೇಕು. ಸ್ನಾನದಮನೆಯಲ್ಲಿ ನೀರು ಬಿಟ್ಟುಕೊಂಡು ನಿಮ್ಮ ಹಳೆಯ ಮೆಸೇಜು ಕೇಳುತ್ತಿದ್ದೆ, ಆ ಹಡಗಿನದು. ಬಾಗಿಲು ತೆಗೆದರೆ ನೀವು ಎದುರಿಗೆ ನಿಂತಿದ್ದಿರಿ. ಗಂಡ ಮುಂದಿನ ಕೋಣೆಯಲ್ಲಿ ಕೂತಿರುವಾಗ ಅವರದೇ ದನಿಯನ್ನು ಕಳ್ಳಿಯ ಹಾಗೆ ಕೇಳುತ್ತಿದ್ದೆ. ಇದು ಆ ಸ್ಪೀಕರಿನದಕ್ಕಿಂತ ದೊಡ್ಡ ತಪ್ಪೋ ಚಿಕ್ಕದೋ ನನಗೆ ತಿಳಿಯುತ್ತಿಲ್ಲ. ಅವು ಬೇಡವೆಂದರೆ ಎಲ್ಲ ಅಳಿಸಿಬಿಡುತ್ತೇನೆ. ಒಂದು ಮಾತು ನೀವೇ ಹೇಳಿ.

ನನ್ನನ್ನು ಬೈಯಿರಿ. ಕಾಗದದಲ್ಲಿ ಬೇಡ. ನೀವು ಕಾಗದದಲ್ಲಿ ಬಹಳ ಮರ್ಯಾದಸ್ಥರು. ಬಾಯಿಬಿಟ್ಟು ಬೈಯಿರಿ ರೀ, ನಾನು ಎದುರು ಮಾತಾಡುವುದಿಲ್ಲ.

ನಿಮ್ಮ ಹೆಂಡತಿ


ಮೇ 26, ಸಂಜೆ

ವಾಷರ್ ಹಾಕಿದ್ದೇನೆ. ನಲ್ಲಿ ಸೋರುತ್ತಿಲ್ಲ. ನೀನು ಬಂದ ತಕ್ಷಣ ಓದಲಿ ಎಂದು ಇದನ್ನು ಬಾಗಿಲ ಹತ್ತಿರ ಇಡುತ್ತಿದ್ದೇನೆ.

ನಿನ್ನೆ ಸ್ನಾನದಮನೆಯ ಹೊರಗೆ ನಿಂತಾಗ ಅದು ನನ್ನ ದನಿ ಎಂದು ಮೊದಲು ಗೊತ್ತಾಗಲಿಲ್ಲ. ಯಾವನೋ ಒಬ್ಬ ನನ್ನ ಹೆಂಡತಿಯ ಹತ್ತಿರ ಚೆನ್ನಾಗಿ ಮಾತಾಡುತ್ತಿದ್ದಾನೆ ಎನಿಸಿತು. ಹೊಟ್ಟೆಯಲ್ಲಿ ಬೆಂಕಿ ಬಿತ್ತು. ನನ್ನದೇ ಎಂದು ತಿಳಿದ ಮೇಲೆ ಇನ್ನೂ ಹೆಚ್ಚು ಉರಿಯಿತು. ಅವನ್ನು ಅಳಿಸುವುದು, ಇಟ್ಟುಕೊಳ್ಳುವುದು ನಿನಗೆ ಬಿಟ್ಟದ್ದು.

ಬೈಯುತ್ತೇನೆ. ಇವತ್ತೇ. ನೀನು ಕೈಕಾಲು ತೊಳೆದುಕೊಂಡು ಬಂದು ಎದುರಿಗೆ ಕೂತುಕೋ. ನಿನ್ನ ಫೋನನ್ನು ಆಚೆ ಕೋಣೆಯಲ್ಲಿಡು.

ಅಮ್ಮ ಚಿಕ್ಕಂದಿನಲ್ಲಿ ನನ್ನ ಮಾತನ್ನೆಲ್ಲ ತಾನೇ ಮುಗಿಸಿಬಿಡುತ್ತಿದ್ದಳು. ಪ್ರೀತಿಯಿಂದಲೇ. ನಾನು ಏನು ಹೇಳಹೊರಟಿದ್ದೆ ಎಂದು ಅವಳಿಗೆ ಗೊತ್ತಾದ ಹಾಗೆ, ನನಗೆ ಮರೆತೇ ಹೋಗುತ್ತಿತ್ತು. ನೀನು ಹಾಗೆ ಮಾಡಬೇಡ. "ನೀ" ಎಂದು ಶುರುಮಾಡಿ ಅಲ್ಲೇ ನಿಲ್ಲುತ್ತೇನೆ. ಕುತ್ತಿಗೆಯ ನರ ಉಬ್ಬುತ್ತದೆ, ಕಣ್ಣು ಒಂದು ಥರ ಆಗುತ್ತದೆ, ನೋಡಲು ಚೆನ್ನಾಗಿರುವುದಿಲ್ಲ. ನೋಡು. ನಿನಗೆ ಕರುಣೆ ಬಂದು ತಲೆ ತಗ್ಗಿಸಿದರೆ ನಾನು ಮತ್ತೆ ಬಾಯಿ ತೆರೆಯಲಾರೆ.

ಹೇಳಬೇಕಾದ್ದು ಒಂದೇ ಮಾತು. ನಿನ್ನಿಂದ ನನಗೆ ತುಂಬಾ ನೋವಾಗಿದೆ. ಇಲ್ಲಿ ಬರೆಯಲು ಒಂದು ಕ್ಷಣ ಸಾಕಾಯಿತು. ನಿನ್ನೆದುರು ಹೇಳಲು ಎಷ್ಟು ಹೊತ್ತು ಹಿಡಿಯುತ್ತದೋ ಗೊತ್ತಿಲ್ಲ. ಅದು ಮುಗಿಯುವ ತನಕ ಎದ್ದು ಹೋಗಬೇಡ.

ನಿನ್ನ ಗಂಡ